ಬೋರಲು ಹಾಕದ ಕಪ್

ಹಾರ್ಲನ್ ಫೋರ್ಡ್, ಅಯೋವಾ
೮ ಜೂನ್ ೧೯೮೭

ಮಾನ್ಯ ಶ್ರೀಮತಿ ವಿನಿಫ್ರೆಡ್ ಟ್ರಾಸ್ಕ್ ಅವರಿಗೆ,

ನನ್ನ ಪರಿಚಯ ನಿಮಗಿಲ್ಲ. ನಾನು ಜೋನೆಟ್ ಡೆಕರ್. ಕಾಲೇಜಿನಲ್ಲಿ ನೀವಿದ್ದ ವಿದ್ಯಾರ್ಥಿನಿಯರ ಸೋದರಿಕೂಟಕ್ಕೇ ನಾನೂ ಸೇರಿದವಳು, ನಿಮಗಿಂತ ನಲವತ್ತು ವರ್ಷ ತಡವಾಗಿ. ಬೆಳಿಗ್ಗೆ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಕೂರುತ್ತೇನೆ. ಮಧ್ಯಾಹ್ನ ಕೂಟದ ಮನೆಗೆ ಹೋಗಿ ಹಳೆಯ ವಸ್ತುಗಳನ್ನು ನೋಡಿಕೊಳ್ಳುತ್ತೇನೆ. ಈ ಕೆಲಸವನ್ನು ಯಾರೂ ನನಗೆ ವಹಿಸಿದ್ದಲ್ಲ. ಗಾಜಿನ ಬೀರುವಿನ ಬೀಗದ ಕೈ ಕೇಳಿದವಳು ನಾನೊಬ್ಬಳೇ ಆದ್ದರಿಂದ ಅದು ನನ್ನಲ್ಲೇ ಉಳಿಯಿತು.

ಅಕ್ಟೋಬರ್ ಹದಿನೇಳಕ್ಕೆ ಕೂಟಕ್ಕೆ ಎಪ್ಪತ್ತೈದು ತುಂಬುತ್ತದೆ. ಅಧ್ಯಕ್ಷೆ ಶ್ರೀಮತಿ ಪ್ರೂಯಿಟ್ ಬೀರುವನ್ನು ಹೊಸದಾಗಿ ಜೋಡಿಸಬೇಕೆಂದಿದ್ದಾರೆ. ಒಳಗೆ ಏನೆಲ್ಲ ಇದೆ! ನೃತ್ಯದ ಸರದಿ ಗುರುತಿಸುವ ಪುಟ್ಟ ಚೀಟಿಗಳು, ಅವಕ್ಕೆ ರೇಷ್ಮೆ ದಾರದಲ್ಲಿ ಕಟ್ಟಿದ ಪೆನ್ಸಿಲ್ಲುಗಳು. ಯಾರದೋ ನಿಶ್ಚಿತಾರ್ಥದ ರಾತ್ರಿ ಕೈಯಿಂದ ಕೈಗೆ ದಾಟಿದ ಮೇಣದ ಬತ್ತಿಯ ತುಂಡು. ಬೆಳ್ಳಿಹಬ್ಬದ ನೆನಪಿಗೆ ೧೯೩೭ರಲ್ಲಿ ಮಾಡಿಸಿದ, ಮನೆಯ ಚಿತ್ರವಿರುವ ನೀಲಿ ತಟ್ಟೆ. (ಆ ಚಿತ್ರದಲ್ಲಿ ಬಾಗಿಲು ಬಲಕ್ಕಿದೆ, ಮನೆಯಲ್ಲಿ ಎಡಕ್ಕಿದೆ. ಇದೇಕೆ ಹೀಗೆ, ನಿಮಗೇನಾದರೂ ಗೊತ್ತೆ?) ಆಮೇಲೆ ಕಪ್ಪುಗಳು.

ಕಪ್ಪುಗಳ ಪದ್ಧತಿಯನ್ನು ನಿಮಗೆ ನಾನು ಹೇಳಬೇಕಿಲ್ಲ. ನಮ್ಮ ಕಾಲಕ್ಕೆ ಅದು ನಿಂತೇ ಹೋಗಿತ್ತು, ಹಾಗಾಗಿ ನಾನು ಕೇಳಿ ತಿಳಿದದ್ದು ಸರಿಯೇ ಎಂದು ನೀವೇ ನೋಡಿ. ಹೊಸದಾಗಿ ಸೇರಿದವರನ್ನು ಚೀಟಿ ಎತ್ತಿ ಜೋಡಿ ಮಾಡುತ್ತಿದ್ದರು. ಒಬ್ಬಳ ಬಿಳಿ ಕಪ್ಪಿನ ಮೇಲೆ ಇನ್ನೊಬ್ಬಳು ಹೂ ಬರೆಯುತ್ತಿದ್ದಳು, ತಳದಲ್ಲಿ ಚಿನ್ನದ ಬಣ್ಣದಿಂದ ಅವಳ ಹೆಸರು. ಬದುಕಿರುವವಳ ಕಪ್ಪಿನ ತಳವನ್ನು ಯಾರೂ ಬೇಕೆಂದು ನೋಡುವಂತಿರಲಿಲ್ಲ. ಅವಳು ತೀರಿಕೊಂಡ ಮೇಲೆ ಕಪ್ಪನ್ನು ಬಸಿಯ ಮೇಲೆ ಬೋರಲು ಹಾಕಿದಾಗಲೇ ಹೆಸರು ಎಲ್ಲರಿಗೂ ಕಾಣುತ್ತಿದ್ದದ್ದು.

ನಿಮ್ಮ ಕಾಲದ ಕಪ್ಪುಗಳೆಲ್ಲ ಈಗ ಬೋರಲು ಬಿದ್ದಿವೆ, ಒಂದನ್ನು ಬಿಟ್ಟು. ಆ ವರ್ಷಗಳವರಲ್ಲಿ ನಮಗೆ ತಿಳಿದಂತೆ ಬದುಕಿರುವವರು ನೀವೊಬ್ಬರೇ. ಆದ್ದರಿಂದ ಅದು ನಿಮ್ಮದೇ ಇರಬೇಕು. ನಾನು ತಪ್ಪು ಮಾಡಿದೆ, ಎತ್ತಿ ನೋಡಿಬಿಟ್ಟೆ. ತಳದಲ್ಲಿ ಹೆಸರು ಅಳಿಸಿಹೋಗಿದೆ. ನೀವು ಹೂಂ ಅಂದರೆ ಸೆಪ್ಟೆಂಬರಿನಲ್ಲಿ ಚಿನ್ನದ ಕೆಲಸದವರ ಹತ್ತಿರ ನಿಮ್ಮ ಹೆಸರನ್ನು ಮತ್ತೆ ಬರೆಯಿಸುತ್ತೇವೆ.

ಗೌರವದಿಂದ,
ಜೋನೆಟ್ ಡೆಕರ್

&nbsp;

ಟೂಸಾನ್, ಅರಿಜೋನಾ
೨೦ ಜೂನ್ ೧೯೮೭

ಪ್ರಿಯ ಕುಮಾರಿ ಡೆಕರ್,

ಪತ್ರ ತಲುಪಿತು. ತಟ್ಟೆಯ ವಿಷಯ: ಅಚ್ಚು ಹಾಕಿದವನು ಚಿತ್ರವನ್ನು ತಿರುವುಮುರುವು ಮಾಡಿದ. ಕೂಟದವರು ಒಂದು ಗಾಡಿ ತುಂಬ ತರಿಸಿ ಊರೂರಿಗೆ ಕಳಿಸಿದ್ದಾಗಿತ್ತು, ಒಬ್ಬರ ಕಣ್ಣಿಗೂ ಬೀಳಲಿಲ್ಲ. ವರ್ಷದ ಮೇಲೆ ಅಡುಗೆಯ ಬರ್ತಾ ಅದರಲ್ಲಿ ಬಿಸ್ಕತ್ತು ಜೋಡಿಸುತ್ತಾ, "ಈ ಮನೆಗೆ ನಾನು ಹೋದ್ರೆ ಸೀದಾ ಗೋಡೆಗೆ ಮೂಗು ಹೊಡ್ಕೊಳ್ತೀನಿ ಅಷ್ಟೆ" ಅಂದಳಂತೆ. ಆಗಿನ ಅಧ್ಯಕ್ಷೆ ಸೋಲಲಿಲ್ಲ: "ಅದು ಕನ್ನಡಿಯಲ್ಲಿ ನೋಡಿದ ಮನೆ, ಬರ್ತಾ." ನನಗೂ ಒಂದನ್ನು ಅಂಚೆಯಲ್ಲಿ ಕಳಿಸಿದ್ದರು. ಈಗ ಅದರಲ್ಲಿ ನಿಂಬೆಹಣ್ಣು ಇಡುತ್ತೇನೆ.

ನೃತ್ಯದ ಚೀಟಿಗಳ ಪೆನ್ಸಿಲ್ಲುಗಳನ್ನು ಕೆತ್ತಬೇಡಿ. ಮೊಂಡಾಗಿರುವುದೇ ಅವುಗಳ ಬೆಲೆ. ಯಾರನ್ನು ಎಷ್ಟು ಜನ ಕರೆದರು ಎಂದು ಅದರಿಂದಲೇ ತಿಳಿಯುತ್ತದೆ. ನನ್ನದು ಚೂಪಾಗಿದ್ದೀತು.

ಕಪ್ಪನ್ನು ಇದ್ದ ಹಾಗೇ ಇರಲು ಬಿಡಿ. ಹೆಸರು ಬೇಕಿಲ್ಲ.

ವಿನಿಫ್ರೆಡ್ ಟ್ರಾಸ್ಕ್

&nbsp;

ಹಾರ್ಲನ್ ಫೋರ್ಡ್
೨ ಜುಲೈ ೧೯೮೭

ಪ್ರಿಯ ಶ್ರೀಮತಿ ಟ್ರಾಸ್ಕ್,

ನಿಮ್ಮ ಪತ್ರವನ್ನು ಶ್ರೀಮತಿ ಪ್ರೂಯಿಟ್ ಅವರಿಗೆ ಓದಿ ಹೇಳಿದೆ. ತಟ್ಟೆಯ ಸಂಗತಿಗೆ ಅವರು ನಗಲಿಲ್ಲ. ನಿಮ್ಮ ವಿನಯವನ್ನು ಮಾತ್ರ ಮೆಚ್ಚಿಕೊಂಡರು. "ದೊಡ್ಡವರು ಬೇಡ ಅಂತಲೇ ಅನ್ನೋದು. ನಾವು ಮಾಡಿಸಿಬಿಡೋಣ. ಅವತ್ತು ಬಂದಾಗ ನೋಡಿ ಸಂತೋಷಪಡ್ತಾರೆ" ಎಂದರು. ನೀವು ಬರುತ್ತೀರಿ ಎಂದೇ ಅವರ ನಂಬಿಕೆ, ನಿಮಗೆ ಮುಂದಿನ ಸಾಲಿನ ಕುರ್ಚಿ ಹಾಕಿಸಿದ್ದಾಗಿದೆ. ಕಪ್ ಸೆಪ್ಟೆಂಬರ್ ಮೊದಲ ವಾರ ಚಿನ್ನದ ಕೆಲಸದವರಿಗೆ ಹೋಗುತ್ತದೆ.

ನನಗೆ ಒಂದೆರಡು ಕುತೂಹಲ. ನಿಮ್ಮ ಹೂವು ಯಾವುದು? ಉಳಿದ ಕಪ್ಪುಗಳಲ್ಲಿ ಗುಲಾಬಿ, ಲಿಲ್ಲಿ, ನೇರಳೆ ಹೂ. ನಿಮ್ಮದರಲ್ಲಿ ತೆಳು ಹಳದಿಯ ದೊಡ್ಡ ದಳಗಳು, ನಡುವೆ ವೈನಿನ ಬಣ್ಣದ ಗಾಢ ಕಣ್ಣು. ನಾನು ಹಾಲಿಹಾಕ್ ಅಂದುಕೊಂಡಿದ್ದೇನೆ. ಬರೆದ ಕೈ ತುಂಬ ಅಳತೆಯ ಕೈ. ಐದು ದಳವೂ ವೃತ್ತದೊಳಗೆ ಕಂಪಾಸಿಟ್ಟು ಕೂರಿಸಿದ ಹಾಗಿವೆ.

ಇನ್ನೊಂದು ವಿಷಯ. ಎಲ್ಲ ಕಪ್ಪುಗಳ ತಳದ ಅಂಚಿನಲ್ಲೂ ಸೂಜಿಯಿಂದ ಗೀರಿದಂತೆ ಸಣ್ಣ ಗುರುತುಗಳಿವೆ. ಒಂದರಲ್ಲಿ ಹಕ್ಕಿಯ ರೆಕ್ಕೆಯಂತೆ, ಇನ್ನೊಂದರಲ್ಲಿ ಅದೇ ರೆಕ್ಕೆ ತಲೆಕೆಳಗಾಗಿ, ಪಕ್ಕದಲ್ಲಿ ಚುಕ್ಕೆ. ಕಾರ್ಖಾನೆಯ ಗುರುತೇ?

ಪ್ರೀತಿಯಿಂದ,
ಜೋನೆಟ್

&nbsp;

ಟೂಸಾನ್
೧೧ ಜುಲೈ ೧೯೮೭

ಕುಮಾರಿ ಡೆಕರ್,

ಆ ಕಪ್ ನನ್ನದಲ್ಲ. ಅದರ ಮೇಲೆ ನನ್ನ ಹೆಸರು ಬರೆಯಿಸಕೂಡದು. ಇದು ವಿನಯವಲ್ಲ ಎಂದು ನಿಮ್ಮ ಅಧ್ಯಕ್ಷೆಗೆ ತಿಳಿಸಿ.

ನನ್ನದು ೧೯೨೬ರಲ್ಲಿ ಒಡೆಯಿತು. ಅದರ ಮೇಲಿದ್ದದ್ದನ್ನು ಹೂವು ಅನ್ನುವುದಕ್ಕಿಂತ ಹುಲ್ಲು ಅನ್ನಬಹುದು.

ಗುರುತುಗಳ ವಿಷಯ ನನಗೆ ಗೊತ್ತಿಲ್ಲ. ನಾವು ತಳ ನೋಡುತ್ತಿರಲಿಲ್ಲ.

ವಿ. ಟ್ರಾಸ್ಕ್

&nbsp;

ಹಾರ್ಲನ್ ಫೋರ್ಡ್
೧೯ ಜುಲೈ ೧೯೮೭

ಪ್ರಿಯ ಶ್ರೀಮತಿ ಟ್ರಾಸ್ಕ್,

ನಿಮ್ಮ ಪತ್ರವನ್ನು ನಾನು ಅಧ್ಯಕ್ಷೆಗೆ ತೋರಿಸಬಾರದಿತ್ತು. ತೋರಿಸಿದೆ. "ಅವರದಲ್ವಾ? ಹಾಗಾದ್ರೆ ಯಾರದ್ದೂ ಅಲ್ಲ. ಜೋನೆಟ್, ಇದು ಅನಾಥಾಲಯ ಅಲ್ಲ ಕಣಮ್ಮ. ಹೆಸರಿಲ್ಲದ್ದನ್ನೆಲ್ಲ ಆಗಸ್ಟ್ ಕೊನೆಯ ಹಳೇ ಸಾಮಾನಿನ ಮಾರಾಟಕ್ಕೆ ಹಾಕು" ಎಂದರು. ಕಾರ್ಪೆಟ್ಟಿಗೆ ಹಣ ಬೇಕಂತೆ.

ಆದರೆ ಆ ಕಪ್ ಯಾರದ್ದೋ ಹೌದು. ಭೂತಗನ್ನಡಿ ಹಿಡಿದು ನೋಡಿದೆ. ಹೆಸರು ತಾನಾಗಿ ಸವೆದದ್ದಲ್ಲ. ಯಾರೋ ಉಜ್ಜಿ ತೆಗೆದಿದ್ದಾರೆ. ಒಂದೇ ದಿಕ್ಕಿನ ಗೀರುಗಳಿವೆ. ಒಬ್ಬ ಹುಡುಗಿಯ ಹೆಸರನ್ನು ಹೀಗೆ ಉಜ್ಜಿ ತೆಗೆಯಲು ಎಷ್ಟು ದ್ವೇಷವಿರಬೇಕು! ನಿಮ್ಮ ಕಾಲದಲ್ಲಿ ನಡೆದದ್ದು, ನಿಮಗೆ ತಿಳಿದೇ ಇರುತ್ತದೆ. ಉಜ್ಜಿದವಳನ್ನು ನೀವು ಕಾಪಾಡುತ್ತಿದ್ದೀರಾ? ಅವಳು ಈಗ ಬೋರಲು ಬಿದ್ದಿರುವ ಕಪ್ಪುಗಳಲ್ಲೊಬ್ಬಳಾಗಿದ್ದರೆ ಇನ್ನೇಕೆ ಆ ಮರ್ಯಾದೆ?

ಎರಡು ಸಂಗತಿ ಕೇಳಿ. ೧೯೨೮ರ ವಿದಾಯದ ಚಿತ್ರದಲ್ಲಿ ನೀವು ಎಡತುದಿಯಲ್ಲಿದ್ದೀರಿ, ಕೈಯಲ್ಲಿ ಕಪ್ ಇದೆ. ಚಿತ್ರ ಕಪ್ಪುಬಿಳುಪು, ಆದರೂ ಆ ಗಾಢ ಕಣ್ಣಿನ ಹೂವು ಸ್ಪಷ್ಟ. ಅಂದರೆ ನಿಮ್ಮದಲ್ಲದ ಕಪ್ಪಿನಲ್ಲಿ ನೀವು ಚಹಾ ಕುಡಿಯುತ್ತಿದ್ದಿರಿ.

ಎರಡನೆಯದು. ಕಾಲೇಜಿನ ಸಸ್ಯಶಾಸ್ತ್ರದ ಸ್ಟೆಗಾಲ್ ಹಲ್ಲು ತೋರಿಸಲು ಬಂದಿದ್ದರು. ಹೂವಿನ ಫೋಟೋ ಮುಂದಿಟ್ಟೆ. ಬಾಯಿಗೆ ಹತ್ತಿ ತುರುಕಿದ್ದರೂ ನಕ್ಕರು. ಹತ್ತಿ ತೆಗೆದ ಮೇಲೆ, "ಹಾಲಿಹಾಕ್ ಅಲ್ಲ ತಾಯಿ, ಇದು ಬೆಂಡೆ ಹೂವು. ನಾನು ಲೂಸಿಯಾನಾದವನು, ನಮ್ಮಜ್ಜಿ ಹಿತ್ತಲ ತುಂಬ ಇದೇ ಇತ್ತು. ಇಲ್ಲಿ ಜೋಳದ ಸೀಮೆಯಲ್ಲಿ ಆ ಕಾಲಕ್ಕೆ ಬೆಂಡೆ ಯಾರು ಬೆಳೀತಿದ್ರು?" ಎಂದರು.

ಅದನ್ನೇ ನಾನೂ ಕೇಳುತ್ತಿದ್ದೇನೆ. ಗುಲಾಬಿ, ಲಿಲ್ಲಿಗಳ ನಡುವೆ ಬೆಂಡೆ ಹೂವು ಬೇಕೆಂದವಳು ಯಾರು?

ಜೋನೆಟ್

&nbsp;

(ಅಂಚೆ ಕಾರ್ಡು)
ಟೂಸಾನ್, ೨೭ ಜುಲೈ ೧೯೮೭

ಮಾರಬೇಡಿ. ಬೋರಲು ಹಾಕಬೇಡಿ. ಬರೆಯುತ್ತೇನೆ. — ವಿ.ಟಿ.

&nbsp;

ಟೂಸಾನ್
೯ ಆಗಸ್ಟ್ ೧೯೮೭

ಪ್ರಿಯ ಜೋನೆಟ್,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು. ಇದನ್ನು ತಿದ್ದುವುದಿಲ್ಲ.

ಅವಳ ಹೆಸರು ನಜ್ಲಾ ಬಿಷಾರಾ. ಸಿರಿಯಾದಿಂದ ಬಂದವರು, ಎರಡನೇ ಬೀದಿಯಲ್ಲಿ ತಂದೆಯದು ಬಟ್ಟೆ ಮತ್ತು ಪಿಂಗಾಣಿಯ ಅಂಗಡಿ. ಕೂಟದ ಬಿಳಿ ಕಪ್ಪುಗಳೆಲ್ಲ ಅಲ್ಲಿಂದಲೇ ಬಂದವು, ಅವಳು ಸೇರುವ ಮೊದಲೂ, ಹೋದ ಮೇಲೂ. ಚೀಟಿಯಲ್ಲಿ ನಾವಿಬ್ಬರೂ ಜೋಡಿಯಾದೆವು. ಯಾವ ಹೂ ಬೇಕು ಎಂದು ಕೇಳಿದೆ. "ಗುಲಾಬಿ ಬೇಡ ಮಾರಾಯ್ತಿ. ನಮ್ಮಮ್ಮನ ಹಿತ್ತಲಿನ ಬೆಂಡೆ ಹೂ ಬರಿ. ಅದನ್ನ ನೋಡಿದ್ರೆ ಊಟ ನೆನಪಾಗತ್ತೆ" ಎಂದಳು. ನಾನು ಗಣಿತದವಳು, ಹೂ ಬರೆದು ಗೊತ್ತಿಲ್ಲ. ಅವಳ ಹಿತ್ತಲಲ್ಲಿ ಕೂತು ದಳಗಳನ್ನು ಅಳೆದು ಬರೆದೆ. ಕಂಪಾಸಿಟ್ಟದ್ದು ನಿಜ, ನೀವು ಸರಿಯಾಗಿ ಕಂಡಿರಿ. ನನ್ನ ಕಪ್ಪಿಗೆ ಅವಳು ಬರೆದಳು. ಅವಳದು ಅಳತೆಯಿಲ್ಲದ, ನಗುವ ಕೈ.

೧೯೨೬ರ ವಸಂತದಲ್ಲಿ ನಮ್ಮ ಕೂಟ ದೊಡ್ಡದೊಂದು ಸಂಘಕ್ಕೆ ಸೇರಿತು. ಅಲ್ಲಿಂದ ಪರಿಶೀಲನೆಗೆ ಒಬ್ಬಾಕೆ ಬಂದರು. ಊಟದ ಮೇಜಿನಲ್ಲಿ ನಜ್ಲಾಳನ್ನು ಕೇಳಿದರು: "ನಿಮ್ಮವರು ಎಲ್ಲಿಯವರಮ್ಮ?"

"ಎರಡನೇ ಬೀದಿಯವರು."

"ಅದಕ್ಕೂ ಮೊದಲು?"

"ಅದಕ್ಕೂ ಮೊದಲು ಮೂರನೇ ಬೀದಿ. ಅಲ್ಲಿ ಇಲಿ ಕಾಟ."

ನಾವೆಲ್ಲ ನಕ್ಕೆವು. ಆಕೆ ನಗಲಿಲ್ಲ. ವಾರದೊಳಗೆ ಆದೇಶ ಬಂತು, ಇಂಥವರು ಕೂಟದಲ್ಲಿರುವಂತಿಲ್ಲ ಎಂದು. ಕೈ ಎತ್ತಿಸಿದರು. ಎಷ್ಟು ಕೈ ಎದ್ದವು ಎಂದು ನಾನು ನೋಡಲಿಲ್ಲ. ನನ್ನವನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ.

ಬಿಟ್ಟುಹೋಗುವವಳ ಕಪ್ಪನ್ನು ಏನು ಮಾಡುತ್ತಿದ್ದರು ಎಂದು ನಿಮಗೆ ಯಾರೂ ಹೇಳಿರಲಾರರು. ಅವಳು ಮುಂಬಾಗಿಲಿನಿಂದ ಹೋಗುವಾಗ ಅವಳ ಜೋಡಿ ಅದನ್ನು ಟವೆಲಿನಲ್ಲಿ ಸುತ್ತಿ ಹಿಂಬಾಗಿಲ ಮೆಟ್ಟಿಲಿಗೆ ಹೊಡೆಯಬೇಕು. ಎಲ್ಲರಿಗೂ ಕೇಳಿಸಬೇಕು. ಟವೆಲಿನೊಳಗೆ ಏನಿದೆ ಎಂದು ಯಾರೂ ಬಿಚ್ಚಿ ನೋಡುತ್ತಿರಲಿಲ್ಲ.

ನಾನು ನನ್ನದನ್ನು ಸುತ್ತಿದೆ.

ಆಮೇಲೆ ಅವಳದರಲ್ಲಿ ಎರಡು ವರ್ಷ ಚಹಾ ಕುಡಿದೆ. ಹೂವನ್ನು ಯಾರೂ ಗಮನಿಸಲಿಲ್ಲ. ಆದರೆ ತೊಳೆದು ಬೋರಲಿಟ್ಟಾಗ ಬರ್ತಾಳಿಗೆ ಹೆಸರು ಕಾಣುತ್ತಿತ್ತು, ಆದ್ದರಿಂದ ಬೂದಿ ಮತ್ತು ಮರಳು ಹಾಕಿ ಉಜ್ಜಿದೆ. ನೀವು ದ್ವೇಷವೆಂದು ಓದಿದ ಗೀರುಗಳು ನನ್ನವು. ಆ ಜಾಗದಲ್ಲಿ ನನ್ನ ಹೆಸರು ಬರೆದುಕೊಳ್ಳಲು ಆಗಲಿಲ್ಲ.

ಅವಳಿಗೆ ಇದೊಂದೂ ತಿಳಿಯದು. ನಾನು ಕೂಟ ಬಿಡಲಿಲ್ಲ, ಅವಳಿಗೆ ಏನು ಬರೆದರೂ ಆ ಸಾಲಿನಿಂದಲೇ ಶುರು ಮಾಡಬೇಕಿತ್ತು. ಬದುಕಿದ್ದಾಳೋ ಇಲ್ಲವೋ ಎಂದು ನಾನು ಯಾರನ್ನೂ ಕೇಳಿಲ್ಲ. ಕೇಳದಿರುವವರೆಗೆ ಕಪ್ ನೆಟ್ಟಗೇ ನಿಂತಿರುತ್ತದೆ. ನೀವೂ ಕೇಳಬೇಡಿ. ಅದನ್ನು ಮಾರಾಟಕ್ಕೆ ಹೋಗದಂತೆ ನೋಡಿಕೊಳ್ಳಿ, ಸಾಕು.

ವಿನಿಫ್ರೆಡ್

&nbsp;

ಹಾರ್ಲನ್ ಫೋರ್ಡ್
೨೪ ಆಗಸ್ಟ್ ೧೯೮೭

ಪ್ರಿಯ ವಿನಿಫ್ರೆಡ್,

ಕೇಳಬೇಡಿ ಎಂದಿರಿ. ನಿಮ್ಮ ಪತ್ರ ಬರುವ ಮೊದಲೇ ಕೇಳಿಯಾಗಿದ್ದರೆ ಸುಲಭವಾಗುತ್ತಿತ್ತು. ಹಾಗಲ್ಲ, ಬಂದ ಮೇಲೆಯೇ ಕೇಳಿದೆ. ಕೋಪಿಸಿಕೊಳ್ಳುವ ಮೊದಲು ಪೂರ್ತಿ ಓದಿ.

ಬಿಷಾರಾ ಅಂಗಡಿ ನನಗೆ ಗೊತ್ತು. ಈ ಊರಲ್ಲಿ ಯಾರಿಗೆ ಗೊತ್ತಿಲ್ಲ? ನಮ್ಮಮ್ಮ ಮನೆಯ ತಟ್ಟೆಗಳನ್ನು ಅಲ್ಲೇ ಕೊಂಡದ್ದು. ಗಲ್ಲಾದಲ್ಲಿ ಕೂರುತ್ತಿದ್ದ ಉದ್ದ ಮೂಗಿನ ಅಕ್ಕ ನನಗೆ ಎಳ್ಳಿನ ಮಿಠಾಯಿ ಕೊಡುತ್ತಿದ್ದರು. ಆ ಅಕ್ಕನೇ ನಜ್ಲಾ. ಅಂಗಡಿ ಮುಚ್ಚಿದೆ. ಅವರು ಮಹಡಿಯಲ್ಲೇ ಇದ್ದಾರೆ, ಕೂಟದ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ.

ಕಪ್ಪನ್ನು ಹ್ಯಾಟಿನ ಡಬ್ಬಿಯಲ್ಲಿಟ್ಟುಕೊಂಡು ಹೋದೆ. ಬಾಗಿಲು ತೆರೆದು, "ಡೆಕರ್ ಮಗಳಲ್ವಾ ನೀನು? ಹ್ಯಾಟ್ ಹಾಕೋರು ಇನ್ನೂ ಇದ್ದಾರಾ ಈ ಊರಲ್ಲಿ?" ಎಂದರು. ಕೂರಿಸಿ, ಏಲಕ್ಕಿ ಹಾಕಿದ ಕಾಫಿಗೆ ನೀರಿಟ್ಟರು. ನಾನು ಡಬ್ಬಿ ತೆರೆದು ಕಪ್ಪನ್ನು ಮೇಜಿನ ಮೇಲಿಟ್ಟೆ.

ಅವರು ಮುಟ್ಟಲಿಲ್ಲ. ಒಲೆ ಆರಿಸಿ ಬಂದು ಕೂತರು.

"ಇದು ಒಡೆದುಹೋಗಿತ್ತಲ್ಲ" ಎಂದರು. "ನಾನು ಕೇಳಿಸ್ಕೊಂಡೆ. ಜಗಲಿ ಮೇಲೆ ನಿಂತಿದ್ದೆ, ನಮ್ಮಪ್ಪನ ಗಾಡಿ ಬರಬೇಕಿತ್ತು. ಎರಡು ಸಲ ಹೊಡೆದಳು. ಮೊದಲನೇ ಏಟಿಗೆ ಒಡೀಲಿಲ್ಲ. ನೋಡು, ಅಂಥ ಹೊತ್ತಲ್ಲೂ ನಾನು ಅಂದ್ಕೊಂಡೆ, ನಮ್ಮಪ್ಪನ ಸಾಮಾನು ಗಟ್ಟಿ ಅಂತ."

ನೀವು ಬರೆದದ್ದನ್ನೆಲ್ಲ ಹೇಳಿದೆ. ಟವೆಲಿನಲ್ಲಿದ್ದದ್ದು ನಿಮ್ಮ ಕಪ್ ಎಂದು ಕೇಳಿ ಬಗ್ಗಿ ಆ ಹೂವನ್ನು ನೋಡಿದರು. ಆಮೇಲೆ ಅಂದರು: "ಅಂದ್ರೆ, ನಾನು ಬರೆದದ್ದನ್ನ ಒಡೆದಳು, ತಾನು ಬರೆದದ್ದನ್ನ ಉಳಿಸ್ಕೊಂಡಳು. ವಿನ್ನಿ ಅಂದ್ರೆ ಅದೇ!" ಎಂದು ನಗತೊಡಗಿದರು. ಕನ್ನಡಕ ತೆಗೆದು ಒರೆಸಿಕೊಳ್ಳುವಷ್ಟು ನಕ್ಕರು. ಒರೆಸುವುದು ನಗು ನಿಂತ ಮೇಲೂ ನಡೆದಿತ್ತು.

ಕಪ್ಪನ್ನು ಎತ್ತಿ ತಳ ನೋಡಿದರು. ಉಜ್ಜಿದ ಜಾಗದ ಮೇಲೆ ಹೆಬ್ಬೆರಳು ಆಡಿಸಿದರು. "ಏನು ಉಜ್ಜಿದ್ದಾಳೆ ಮಹರಾಯ್ತಿ. ಬಾಣಲೆ ಅಂದ್ಕೊಂಡಿದ್ಲಾ?" ಆ ಹಕ್ಕಿ ರೆಕ್ಕೆಯ ಗೀರುಗಳನ್ನು ನಾನು ತೋರಿಸಿದೆ. ಅವು ಕಾರ್ಖಾನೆಯದ್ದಲ್ಲ, ಅವರ ತಂದೆಯ ಕೈಯದ್ದು. ಅರಬ್ಬಿ ಅಂಕಿಗಳು: ಏಳು, ಎಂಟು, ಚುಕ್ಕೆ ಎಂದರೆ ಸೊನ್ನೆ. ಯಾವ ಕಪಾಟಿನ ಸಾಮಾನು ಎಂಬ ಗುರುತು. "ನಿಮ್ಮ ಬೀರುವಿನಲ್ಲಿ ಬೋರಲು ಬಿದ್ದೋರೆಲ್ಲ ನಮ್ಮಪ್ಪನ ಕಪಾಟಿನೋರೇ ಹಾಗಾದ್ರೆ" ಎಂದರು. ಹೌದು, ವಿನಿಫ್ರೆಡ್. ಸಂಜೆ ಹೋಗಿ ಒಂದೊಂದನ್ನೂ ನೋಡಿದೆ. ಪ್ರತಿ ಚಿನ್ನದ ಹೆಸರಿನ ಅಂಚಿನಲ್ಲೂ ಅವರ ತಂದೆ ಇದ್ದಾರೆ.

ಅವರ ಹೆಸರನ್ನು ಮತ್ತೆ ಬರೆಯಿಸಲೇ ಎಂದು ಕೇಳಿದೆ.

"ಬೇಡಪ್ಪಾ. ಹೆಸರು ಬರೆದ್ರೆ ಒಂದಿನ ಬೋರಲು ಹಾಕ್ತೀರಿ."

"ಅವತ್ತು ಹಬ್ಬಕ್ಕಾದರೂ ಬರ್ತೀರಾ?"

"ಆ ಮನೆಗೆ? ಇಲ್ಲ. ಅವಳು ಬೇಕಾದ್ರೆ ಇಲ್ಲಿಗೆ ಬರಲಿ. ಮುಂಬಾಗಿಲಿಂದ."

ಮತ್ತೆ ಒಲೆ ಹಚ್ಚಿ, ಕಾಫಿಯನ್ನು ಆ ಕಪ್ಪಿಗೇ ಬಗ್ಗಿಸಿಕೊಂಡು ಕುಡಿದರು. ತೊಳೆದು ತಮ್ಮ ಕಪಾಟಿನಲ್ಲಿಟ್ಟರು, ನೆಟ್ಟಗೆ. ನನಗೆ ಅದನ್ನು ವಾಪಸ್ ಕೇಳುವ ಧೈರ್ಯವಾಗಲಿಲ್ಲ. "ಬಸಿ ನಿಮ್ಮದೇ ಇರಲಿ" ಎಂದರು. ಆಮೇಲೆ ನನ್ನ ಕೈಯಲ್ಲಿ ನೆಲಮಾಳಿಗೆಯಿಂದ ಒಂದು ಹೊಸ ಬಿಳಿ ಕಪ್ ತರಿಸಿದರು. ಹುಲ್ಲಿನೊಳಗೆ ಸುತ್ತಿಟ್ಟದ್ದು, ತಳದಲ್ಲಿ ಅದೇ ರೆಕ್ಕೆ. "ಇದು ವಿನ್ನಿಗೆ. ನಾನು ಬರೆದದ್ದು ಒಡೆದು ಹೋದ್ಮೇಲೆ ಇನ್ನೊಂದು ಬರೀಬೇಕಲ್ಲ. ಈಗ ಕೈ ನಡುಗತ್ತೆ, ಹೇಗೆ ಬರುತ್ತೋ ಹಾಗೆ ಅಂತ ಹೇಳು." ಒಡೆದುಹೋದ ನಿಮ್ಮ ಕಪ್ಪಿನ ಮೇಲೆ ಅವರು ಏನು ಬರೆದಿದ್ದರು ಎಂದು ಕೇಳಿದೆ. ಬೆರಳನ್ನು ನನ್ನ ಕಾಫಿಯಲ್ಲಿ ಅದ್ದಿ ಮೇಜಿನ ಮೇಲೆ ಬರೆದು ತೋರಿಸಿದರು: ಒಂದು ಕಡ್ಡಿ, ತುದಿಯಲ್ಲಿ ಮೂರು ದುಂಡನೆಯ ಎಲೆ. ಕ್ಲೋವರ್ ಅಂತೆ, ಹುಲ್ಲುಗಾವಲಿನದ್ದು. ಬರುವ ತಿಂಗಳ ಮಧ್ಯದಲ್ಲಿ ಬಣ್ಣ ಹಾಕಿ, ಅದು ಅಳಿಯದಂತೆ ಸುಡಿಸಲು ಕುಲುಮೆಗೆ ಕೊಡುತ್ತಾರಂತೆ.

ಬೀರುವಿನಲ್ಲಿ ಈಗ ಬಸಿ ಮಾತ್ರ ಇದೆ. ಅದರ ಮೇಲೆ ಒಂದು ಕಾರ್ಡು ಬರೆದಿಟ್ಟೆ: "ಕಪ್ ಬಳಕೆಯಲ್ಲಿದೆ." ಶ್ರೀಮತಿ ಪ್ರೂಯಿಟ್ ನೋಡಿ, "ಇದೇನು ಜೋನೆಟ್, ಹೋಟೆಲ್ ಬೋರ್ಡಾ?" ಎಂದರು. ಅವರನ್ನು ಕೂರಿಸಿ ಎಲ್ಲ ಹೇಳಿದೆ. ಹೋಗುವಾಗ ಕಾರ್ಡನ್ನು ತೆಗೆಯಲಿಲ್ಲ, ಸ್ವಲ್ಪ ಓರೆಯಾಗಿದ್ದದ್ದನ್ನು ನೆಟ್ಟಗೆ ಮಾಡಿದರು.

ನಿಮ್ಮ,
ಜೋನೆಟ್

&nbsp;

ಟೂಸಾನ್
೨ ಸೆಪ್ಟೆಂಬರ್ ೧೯೮೭

ಪ್ರಿಯ ಜೋನೆಟ್,

ನಿನ್ನ ಮೇಲೆ ಕೋಪಿಸಿಕೊಂಡೆ. ಒಂದು ದಿನ. ಆಮೇಲೆ ಹೋಗಿ ರೈಲಿನ ಟಿಕೆಟ್ಟು ತಂದೆ.

ಹಬ್ಬಕ್ಕೆ ಬರುವುದಿಲ್ಲ. ಮುಂದಿನ ಸಾಲಿನ ಕುರ್ಚಿಯನ್ನು ಕಾಲು ನೋವಿರುವ ಯಾರಿಗಾದರೂ ಕೊಡಲು ಹೇಳು. ನಾನು ಈ ತಿಂಗಳೇ ಬರುತ್ತಿದ್ದೇನೆ, ಎರಡನೇ ಬೀದಿಗೆ. ನಿಲ್ದಾಣದಿಂದ ಮೆಟ್ಟಿಲವರೆಗೆ ನೀನು ಜೊತೆಗಿದ್ದರೆ ಸಾಕು. ಮೇಲಕ್ಕೆ ಒಬ್ಬಳೇ ಹೋಗುತ್ತೇನೆ. ಅಲ್ಲಿ ಮೊದಲು ಏನು ಹೇಳಬೇಕೆಂದು ಗೊತ್ತಾಗುತ್ತಿಲ್ಲ. ಕಂಪಾಸು ಇಟ್ಟು ಅಳೆಯುವ ವಿಷಯವಲ್ಲ.

ಅಲ್ಲಿಯವರೆಗೆ ಒಂದು ಕೆಲಸ ಮಾಡು. ಇವತ್ತೇ ನಜ್ಲಾ ಹತ್ತಿರ ಹೋಗು, ತಡ ಮಾಡಬೇಡ. ಅವಳಿಗೆ ಯಾವಾಗಲೂ ಇದೇ ಮರೆವು, ಆಗಲೂ ತಪ್ಪು ಬರೆದು ಒರೆಸಿ ಮತ್ತೆ ಬರೆದಿದ್ದಳು. ನನ್ನ ಕ್ಲೋವರಿಗೆ ಮೂರಲ್ಲ, ನಾಲ್ಕು ಎಲೆ. ನಾನು ಬರುವವರೆಗೆ ಕುಲುಮೆಗೆ ಕೊಡಬೇಡ ಎಂದು ಹೇಳು.

ವಿನ್ನಿ